ಹಿನ್ನೀರಿನ ಶಾಲೆಯ ಪಾಲು

ನಕ್ಷೆಯಲ್ಲಿ ನೀರಿದ್ದ ಕಡೆ ನೀರೇ ಇರಬೇಕು. ಆದರೆ ಆ ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಪಾಲು ಕೇಂದ್ರದ ದೊಡ್ಡ ಪರದೆಯ ಮೇಲೆ, ಕೃಷ್ಣೆಯ ಹಿನ್ನೀರಿನ ನಟ್ಟನಡುವೆ, ಒಂದು ಸರಕಾರಿ ಪ್ರಾಥಮಿಕ ಶಾಲೆ ಮದುವೆ ಮನೆಯಂತೆ ಬೆಳಗುತ್ತಿತ್ತು.

ನಕ್ಷೆಯ ಆ ಮೂಲೆಯನ್ನು ಅಂದೇ ಮೊದಲ ಸಲ ಹಿಗ್ಗಿಸಿ ನೋಡಿದ ಅಧಿಕಾರಿ ದಾಕ್ಷಾಯಿಣಿ ಬೆಳ್ಳುಬ್ಬಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಚುಕ್ಕಿ ಅಲ್ಲೇ ಇತ್ತು.

"ನದಾಫ್, ಸ್ವಲ್ಪ ಇಲ್ಲಿ ಬರ್ರಿ. ಇದೇನಿದು?"

ಪಕ್ಕದ ಮೇಜಿನ ನದಾಫ್ ಚಹಾದ ಲೋಟ ಹಿಡಿದುಕೊಂಡೇ ಬಂದ. ಪರದೆ ನೋಡಿದ, ಒಂದು ಗುಟುಕು ಕುಡಿದ. "ಮೀನು ಆನ್‌ಲೈನ್ ಆರ್ಡರ್ ಮಾಡಾಕತ್ತಾವ ಕಾಣಸ್ತೈತ್ರಿ ಮೇಡಮ್. ಟ್ಯಾಕ್ಸೂ ಬರೋಬ್ಬರಿ ಕಟ್ಟಾಕತ್ತಾವ. ನಮ್ಮ ಮಂದಿಗಿಂತ ಭೇಷ್ ಅದಾವ."

ಇಲ್ಲಿ ಒಂದೆರಡು ಮಾತು ಬಿಡಿಸಿ ಹೇಳದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಜನ ಅಂಗಡಿಗೆ ಹೋಗುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟು, ಸೋಪಿನಿಂದ ಸೋಫಾದವರೆಗೆ ಎಲ್ಲವನ್ನೂ ಮೊಬೈಲಿನಲ್ಲೇ ತರಿಸಿಕೊಳ್ಳತೊಡಗಿದ ಕಾಲ ಅದು. ಆ ಮಾರಾಟದ ತೆರಿಗೆ ಖಜಾನೆಯೆಂಬ ಸಮುದ್ರಕ್ಕೆ ಸೇರುತ್ತಿತ್ತು. ಅಲ್ಲಿಂದ ಹಳ್ಳಿಯ ಶಾಲೆಗೆ ಬರುವ ಹೊತ್ತಿಗೆ ಮಾರ್ಚ್ ಮುಗಿಯುತ್ತ ಬಂದಿರುತ್ತಿತ್ತು, ಬಂದದ್ದು ಸೀಮೆಸುಣ್ಣಕ್ಕೆ ಸಾಕಾದರೆ ಪುಣ್ಯ. ಕೊನೆಗೆ ವಿಧಾನಸಭೆಯಲ್ಲಿ ಸಾಕಷ್ಟು ಕೂಗಾಡಿ, ಮೇಜು ಗುದ್ದಿ, ಎರಡು ಸಲ ಹೊರನಡೆದು, ಮಾನ್ಯ ಸದಸ್ಯರು ಶಾಲಾ ಪಾಲು ಕಾಯ್ದೆಯನ್ನು ಪಾಸು ಮಾಡಿದರು. ಅದರ ತಿರುಳು ಇಷ್ಟೇ: ಆನ್‌ಲೈನಿನಲ್ಲಿ ಕೊಂಡ ಸಾಮಾನು ಯಾವ ಊರಿಗೆ ಮುಟ್ಟುತ್ತದೋ, ಆ ಊರಿನ ಸರಕಾರಿ ಶಾಲೆಗೆ ರಾಜ್ಯದ ತೆರಿಗೆಯಲ್ಲೊಂದು ಪಾಲು. ಅದೂ ಮುಂದಿನ ವರ್ಷವಲ್ಲ, ಸಾಮಾನು ಕೈಗೆ ಬಂದ ಗಳಿಗೆಯಲ್ಲೇ.

ಈ ಹಂಚಿಕೆ ಮಾಡುವ ಯಂತ್ರಕ್ಕೆ 'ಕವಲು' ಎಂದು ಹೆಸರಿಟ್ಟಿದ್ದರು. ದೊಡ್ಡ ಕಾಲುವೆಯಿಂದ ಹೊಲಹೊಲಕ್ಕೂ ನೀರು ತಿರುಗಿಸುವ ಕೆಲಸವೇ ಅದರದ್ದೂ. ಆದರೆ ಯಾರು ಏನು ಕೊಂಡರು ಎನ್ನುವುದು ಕವಲಿಗೆ ತಿಳಿಯುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯದೆಯೇ ಒಳಗಿನ ಕಾಳು ಅಳೆಯುವಂಥ ಗಣಿತ ಅದರ ಹೊಟ್ಟೆಯಲ್ಲಿತ್ತು. ಬೀಗ ಹಾಕಿದ ವಿಳಾಸದಿಂದ ಅದು ಊರಿನ ಹೆಸರೊಂದನ್ನು ಮಾತ್ರ ಹೆಕ್ಕಿಕೊಂಡು, ಆ ಹೆಸರಿನ ಶಾಲೆಯ ಚುಕ್ಕಿಗೆ ಪಾಲು ಹರಿಸುತ್ತಿತ್ತು. ಪಾಲು ಬಂದಷ್ಟೂ ಚುಕ್ಕಿ ಬೆಳಗುತ್ತಿತ್ತು. ಬರದ ಶಾಲೆಯ ಚುಕ್ಕಿ ಕಪ್ಪಾಗಿ ಉಳಿಯುತ್ತಿತ್ತು. ಎರಡು ವರ್ಷ ಕಪ್ಪಾಗಿಯೇ ಉಳಿದರೆ, ಆ ಊರಲ್ಲಿ ಜನವಸತಿಯೇ ಇಲ್ಲವೆಂದು ತಿಳಿದು ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸಬೇಕೆಂದು ಕಾಯ್ದೆಯ ಕೊನೆಯ ಪುಟದಲ್ಲೊಂದು ಕಲಮು ಸೇರಿಕೊಂಡಿತ್ತು. ಯಾರು ಸೇರಿಸಿದರು ಅಂತ ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ನೋಡುತ್ತಿದ್ದರು.

ನೀರಿನಲ್ಲಿ ಬೆಳಗುತ್ತಿದ್ದ ಚುಕ್ಕಿಯ ಹೆಸರು ಹೊಳಿಮಲ್ಲಾಪುರ. ಅಣೆಕಟ್ಟಿನ ಎತ್ತರ ಏರಿಸಿದಾಗ ಮುಳುಗಡೆಯಾದ ಊರು. ಅದರಿಂದ ಸ್ವಲ್ಪ ದೂರದ ಗುಡ್ಡದ ಮೇಲೆ ಇನ್ನೊಂದು ಚುಕ್ಕಿಯಿತ್ತು, ಹೆಸರು 'ಪುನರ್ವಸತಿ ಕೇಂದ್ರ ಹನ್ನೊಂದು'. ಅದು ಇದ್ದಿಲಿನಂತೆ ಕಪ್ಪಗಿತ್ತು.

ದಾಕ್ಷಾಯಿಣಿ ನಿರ್ದೇಶಕರಾದ ದೇಸಾಯರಿಗೆ ಫೋನು ಮಾಡಿದಳು.

"ನೀರಾಗಿನ ಚುಕ್ಕಿ ಅಳಿಸಿಬಿಡ್ರಿ," ಎಂದರು ಅವರು. "ನಕ್ಷಾದ ದೋಷ ಅಂತ ಬರೀರಿ. ಅಲ್ಲಿ ಕೂಡಿದ್ದು ಖಜಾನೆಗೆ ವಾಪಸ್ ಹೋಗ್ತದ."

"ಮತ್ತ ಆ ಕಪ್ಪು ಚುಕ್ಕಿ, ಸರ್?"

"ಅದು ವಿಲೀನದ ಯಾದಿಯೊಳಗ ಐತೆಲ್ಲಾ? ಈ ವಾರದ ಕಡೀಕ ಯಾದಿ ಹೋಗ್ತದ. ಮುಗೀತು."

ಮುಗಿಯಿತು ಅನ್ನುವುದು ಎಷ್ಟು ಸುಲಭ. ದಾಕ್ಷಾಯಿಣಿಗೆ ಅಂದು ಮಧ್ಯಾಹ್ನದ ಊಟ ರುಚಿಸಲಿಲ್ಲ. ಮರುದಿನ ಆಫೀಸಿನ ಜೀಪು ಕೇಳಿಕೊಂಡು ಹೊರಟಳು.

*

ಕೇಂದ್ರ ಹನ್ನೊಂದು ಪಟ್ಟಿ ಹಿಡಿದು ಗೆರೆ ಎಳೆದಂತಿತ್ತು. ನೇರ ರಸ್ತೆಗಳು, ಒಂದೇ ಅಳತೆಯ ಪ್ಲಾಟುಗಳು. ಆದರೆ ಸಿಮೆಂಟಿನ ಗೋಡೆಗಳಿಗೆ ಹಳೆಯ ಸಾಗವಾನಿ ಬಾಗಿಲುಗಳು ಕೂತಿದ್ದವು. ಮುಳುಗುವ ಮುನ್ನ ಜನ ತಮ್ಮ ಮನೆಯ ಚೌಕಟ್ಟುಗಳನ್ನೇ ಕಿತ್ತು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಹೊಸ ಗೋಡೆಗೆ ಅವು ಸರಿಯಾಗಿ ಹೊಂದದೆ ಅಕ್ಕಪಕ್ಕ ಇಟ್ಟಿಗೆ ತುರುಕಿದ್ದು ಕಾಣುತ್ತಿತ್ತು.

ಶಾಲೆಗೆ ಎರಡೇ ಕೋಣೆ. ಒಂದರಲ್ಲಿ ಮೂರು ತರಗತಿ, ಇನ್ನೊಂದರಲ್ಲಿ ಎರಡು. ಹೆಡ್‌ಮಾಸ್ತರ ಲಮಾಣಿ ಸರ್ ಎಂಬ ನಡುವಯಸ್ಸಿನ ಮೃದು ಮನುಷ್ಯ ಅವಳನ್ನು ಕಂಡು, ವಿಲೀನದ ಆದೇಶವೇ ಬಂತೆಂದು ತಿಳಿದು ಬಿಳುಚಿಕೊಂಡರು.

"ಹೆದ್ದಾರಿ ಆಚೆ ಸಾಲಿ ಐತ್ರಿ, ಖರೆ," ಎಂದರು. "ಗಂಡುಹುಡುಗರು ಹೆಂಗರ ಹೋಗ್ತಾವ. ಹೆಣ್ಣುಹುಡುಗರನ್ನ ಕಳಸೂದಿಲ್ರಿ ಯಾರೂ. ಆ ಲಾರಿ ಓಡಾಡೂದು ನೋಡಿದ್ರ ನನಗ ಎದಿ ಝಲ್ ಅಂತೈತಿ. ಈ ಬಾಗಲಾ ಮುಚ್ಚಿದ ದಿನ ಈ ಹುಡುಗ್ಯಾರ ಸಾಲಿ ಮುಗದಂಗ."

"ಊರಾಗ ಯಾರೂ ಆನ್‌ಲೈನ್ ಏನೂ ತರಸೂದಿಲ್ಲೇನ್ರಿ ಸರ್?"

ಲಮಾಣಿ ಸರ್ ಉತ್ತರಿಸುವ ಮೊದಲೇ ಹೊರಗೆ ಹಾರ್ನ್ ಕೇಳಿಸಿತು. ಸಾಮಾನಿನ ವ್ಯಾನು ಬಂದು ನಿಂತಿತ್ತು. ಕ್ಷಣದಲ್ಲಿ ಹೆಂಗಸರು ಮುತ್ತಿಕೊಂಡರು. ಒಬ್ಬಳಿಗೆ ಕುಕ್ಕರು, ಒಬ್ಬಳಿಗೆ ಸೀರೆ, ಒಬ್ಬ ಅಜ್ಜನಿಗೆ ಮೊಣಕಾಲಿನ ಎಣ್ಣೆ. ದಾಕ್ಷಾಯಿಣಿ ಒಂದು ಪೆಟ್ಟಿಗೆಯ ಮೇಲಿನ ವಿಳಾಸ ಓದಿದಳು: ಅಗಸಿ ಓಣಿ, ಹೊಳಿಮಲ್ಲಾಪುರ.

"ಎಲ್ಲಾರೂ ಇದನ್ನ ಹಾಕ್ತಾರ್ರಿ," ಎಂದ ವ್ಯಾನಿನವ. "ಮೊದಲನೇ ಸಲ ನಾನೂ ಮೊಬೈಲ್ ನಂಬಿ ಹೊಳಿ ದಂಡೀಗೆ ಹೋಗಿ ನಿಂತಿದ್ದೆ. ಮುಂದ ನೋಡಿದ್ರ ಬರೇ ನೀರು. ಪಾರ್ಸಲ್ ತೇಲಿ ಬಿಡ್ಲೋ ಏನ ಮಾಡ್ಲಿ ಅಂತ ಫೋನ್ ಮಾಡಿದೆ."

ಹೆಂಗಸರು ಬಿದ್ದುಬಿದ್ದು ನಕ್ಕರು. ದಾಕ್ಷಾಯಿಣಿಯೂ ನಕ್ಕಳು. ಗಂಟು ಬಿಚ್ಚಿತೆಂದು ಅವಳಿಗೆ ಖುಷಿಯಾಗಿತ್ತು. ಮೊಬೈಲಿನಲ್ಲಿ ಊರಿನ ಹೆಸರು ಬದಲಿಸಿದರೆ ಆಯಿತು, ಪಾಲು ಇವತ್ತಿನಿಂದಲೇ ಈ ಶಾಲೆಗೆ ಬರುತ್ತದೆ! ಅವಳು ಅಲ್ಲೇ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ವಿವರಿಸಿದಳು. ಹೊಳಿಮಲ್ಲಾಪುರ ಅಂತ ಇದ್ದಲ್ಲಿ ಪುನರ್ವಸತಿ ಕೇಂದ್ರ ಹನ್ನೊಂದು ಅಂತ ಒತ್ತಿ, ಅಷ್ಟೇ ಎಂದಳು.

ನಗು ನಿಂತುಹೋಯಿತು. ಕಟ್ಟೆಯ ತುದಿಯಲ್ಲಿ ಕೋಲೂರಿ ಕೂತಿದ್ದ ಒಬ್ಬ ಮುದುಕಿ ತಲೆ ಎತ್ತಿದರು. ಹಳೆಯ ಊರಿನ ಶಾಲೆಯಲ್ಲಿ ಕಲಿಸಿ, ಈ ಊರಿಗೆ ಬಂದಮೇಲೆ ನಿವೃತ್ತರಾದ ಅಂಬಾಬಾಯಿ ಅಕ್ಕೋರು ಅವರು. ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಮಂದಿಯ ಕಿವಿ ಹಿಂಡಿದ್ದವರು.

"ಮನಿ ಕೊಟ್ಟೀವಿ, ಹೊಲಾ ಕೊಟ್ಟೀವಿ, ಸುಡಗಾಡ ಸುದ್ದಾ ಕೊಟ್ಟೀವಿ," ಎಂದರು. "ಹೆಸರೊಂದ ಉಳದೈತಿ. ಅದನ್ನೂ ಒಯ್ಯಾಕ ಬಂದೀಯೇನವಾ?"

"ಹಂಗಲ್ಲ ಅಕ್ಕೋರ, ಇದು ಬರೇ ಮೊಬೈಲ್‌ನಾಗ…"

"ಹನ್ನೊಂದು ಅಂದ್ರ ಊರ ಹೆಸರೇನು? ಜೇಲಿನ್ಯಾಗ ಕೈದಿಗೆ ಕೊಡತಾರ ನಂಬರ."

ಲಮಾಣಿ ಸರ್ ಕೈ ಜೋಡಿಸಿದರು. "ಅಕ್ಕೋರ, ಹುಡುಗರ ಮಾರಿ ನೋಡ್ರಿ. ಹೆಸರು ಹಿಡಕೊಂಡು ಕುಂತ್ರ ಸಾಲಿ ಹೋಗ್ತೈತಿ."

"ನೀ ಹೊರಗಿಂದ ಬಂದಾಂವಪಾ ಲಮಾಣಿ. ನಿನಗ ತಿಳಿಯೂದಿಲ್ಲ."

ಲಮಾಣಿ ಸರ್ ಮುಖ ಕೆಳಗೆ ಹಾಕಿದರು. ಒಂದಿಬ್ಬರು ಎಳೆಯ ಸೊಸೆಯರು ಮೊಬೈಲು ತೆಗೆದಿದ್ದವರು ಸುಮ್ಮನೆ ಸೆರಗಿನೊಳಗೆ ಇಟ್ಟುಕೊಂಡರು. ಒಬ್ಬೊಬ್ಬರೇ ಎದ್ದು ಹೋದರು. ದಾಕ್ಷಾಯಿಣಿ ಮುಖಭಂಗವಾಗಿ ಜೀಪು ಹತ್ತಿದಳು.

*

"ಒಂದು ಬಟನ್ ಒತ್ತಾಕ ಇಷ್ಟು ಹಟಾ ಏನತ್ತಿ?" ಸಂಜೆ ಮನೆಯಲ್ಲಿ ಅವಳು ಅತ್ತೆಯ ಮುಂದೆ ಸಿಟ್ಟು ಕಾರಿಕೊಂಡಳು. "ಹೆಣ್ಣುಮಕ್ಕಳ ಸಾಲಿ ಹೋಗ್ತೈತಿ ಅಂತ ತಿಳಿಸಿ ಹೇಳಿದೆ. ಆ ಅಕ್ಕೋರು ಕೇಳಬೇಕಲ್ಲ! ತಾವ ಕಲಿಸಿದ ಸಾಲಿ ಅದು."

ಅತ್ತೆ ಚೆನ್ನಬಸವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಪಾಲು ಕಾಯ್ದೆಯ ಅತಿದೊಡ್ಡ ಭಕ್ತೆ ಆಕೆಯೇ. ಕಾಯ್ದೆ ಬಂದಾಗಿನಿಂದ ತಾವು ಬೇಕಾದ್ದು ಬೇಡಾದ್ದು ತರಿಸುವುದೆಲ್ಲ ಓಣಿಯ ಶಾಲೆಯ ಉದ್ಧಾರಕ್ಕೆ ಎಂದು ಸಾಧಿಸುತ್ತಿದ್ದರು. ಮೊನ್ನೆ ತರಿಸಿದ ಬೆನ್ನು ತಿಕ್ಕುವ ಯಂತ್ರಕ್ಕೂ ಅದೇ ನೆವ.

"ನನ್ನ ಹೆಸರೇನು ಹೇಳು?" ಎಂದರು.

"ಚೆನ್ನಬಸವ್ವ. ಯಾಕತ್ತಿ?"

"ತುಂಗವ್ವ." ಅತ್ತೆ ತಲೆ ಎತ್ತಲಿಲ್ಲ, ಸುಲಿಯುತ್ತಲೇ ಇದ್ದರು. "ಲಗ್ನದಾಗ ಪರಾತದಾಗ ಅಕ್ಕಿ ಹರವಿ ನಿಮ್ಮ ಮಾವನ ಕೈಲೆ ಹೊಸಾ ಹೆಸರ ಬರಸಿದ್ರು. ನನ್ನ ಯಾರೂ ಕೇಳಲಿಲ್ಲ. ಮನಿ ಬದಲಾದದ್ದಕ್ಕ ನಾ ಅಳಲಿಲ್ಲವಾ, ಮನಿ ಎಲ್ಲಾರದೂ ಬದಲಾಗತೈತಿ. ಆ ಅಕ್ಕಿ ನೋಡಿ ಅತ್ತುಬಿಟ್ಟೆ. ಈಗೂ ಪ್ಯಾಟ್ಯಾಗ ಯಾರಾರ ಯಾರನ್ನೋ ತುಂಗವ್ವ ಅಂತ ಕರದ್ರ, ನಾ ಹೊಳ್ಳಿ ನೋಡ್ತೀನಿ."

ದಾಕ್ಷಾಯಿಣಿ ಈ ಮನೆಗೆ ಬಂದು ಇಷ್ಟು ವರ್ಷವಾಗಿತ್ತು. ಅತ್ತೆಗೆ ಇನ್ನೊಂದು ಹೆಸರಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಅತ್ತೆಯ ಪಕ್ಕದಲ್ಲಿ ಕೂತು ತಾನೂ ಬಳ್ಳೊಳ್ಳಿ ಸುಲಿಯತೊಡಗಿದಳು. ಸುಲಿಯುತ್ತ ಸುಲಿಯುತ್ತ, ತಾನು ತಪ್ಪು ಕಡೆಯಿಂದ ಗಂಟು ಎಳೆಯುತ್ತಿದ್ದೇನೆ ಅನ್ನಿಸಿತು. ಜನ ಹೆಸರು ಬಿಡಬೇಕು ಎಂದು ಹಟ ಹಿಡಿದವಳು ತಾನು. ಹೆಸರು ಇದ್ದಲ್ಲೇ ಇರಲಿ, ಜಾಗ ಬದಲಾಗಬಾರದೇಕೆ?

*

"ಅದಕ್ಕೇನ್ರಿ ಮೇಡಮ್, ನಾವ ಎಳದು ಗುಡ್ಡದ ಮ್ಯಾಲೆ ಇಟ್ಟುಬಿಡೂಣು," ಎಂದ ನದಾಫ್. ಪರದೆಯ ಮೇಲಿನ ಚುಕ್ಕಿಗೆ ಬೆರಳು ಒತ್ತಿ ಎಳೆದ. ಚುಕ್ಕಿ ಜಪ್ಪಯ್ಯ ಅಂದರೂ ಕದಲಲಿಲ್ಲ.

ಅದು ಅಲುಗುವುದಿಲ್ಲವೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ದೋಷವೆಂದು ಬರೆದು ಚುಕ್ಕಿ ಅಳಿಸಬಹುದಿತ್ತು, ಸರಿಸಲು ಮಾತ್ರ ಬೀಗವಿತ್ತು. ಆ ಬೀಗ ಬರೆದವರಲ್ಲಿ ಅವಳೂ ಒಬ್ಬಳು. ಯಾವ ಮಂತ್ರಿಯೂ ಯಾವ ಅಧಿಕಾರಿಯೂ ಒಂದು ಊರಿನ ಚುಕ್ಕಿಯನ್ನು ತನ್ನ ಮಾವನ ಮನೆಯ ಊರಿಗೆ ಎಳೆದುಕೊಳ್ಳಬಾರದೆಂದು, ಕೇಂದ್ರದ ಯಾರ ಬೆರಳಿಗೂ ಕವಲು ಜಗ್ಗದಂತೆ ಮಾಡಿದ್ದರು. ಚುಕ್ಕಿ ಕದಲಬೇಕಾದರೆ ಅದೇ ಊರಿನ ಗ್ರಾಮಸಭೆ ಕೂಡಬೇಕು. ಊರಿನ ಹೆಚ್ಚಿನವರು ಹೆಬ್ಬೆಟ್ಟು ಒತ್ತಿ ಯಂತ್ರದ ಬೀಗ ತೆಗೆಯಬೇಕು. ಆಮೇಲೆ ಊರಿನವರೇ ಒಬ್ಬರು, ಎಲ್ಲರ ಕಣ್ಣೆದುರು, ಬೆರಳು ಎತ್ತದೆ ಚುಕ್ಕಿಯನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ಒಯ್ಯಬೇಕು. ನಡುವೆ ಬೆರಳು ಎತ್ತಿದರೆ ಚುಕ್ಕಿ ಮೊದಲಿನ ಜಾಗಕ್ಕೇ ಹಾರಿ, ಬೀಗ ಮತ್ತೆ ಬೀಳುತ್ತದೆ. ಆ ವರ್ಷಕ್ಕೆ ಇನ್ನೊಂದು ಅವಕಾಶವಿಲ್ಲ. ಬರೆಯುವಾಗ ಇದೆಲ್ಲ ಬಹಳ ಜಾಣತನದ್ದೆಂದು ಅನ್ನಿಸಿತ್ತು.

ದೇಸಾಯರು ಕೆಟ್ಟ ಮನುಷ್ಯರೇನಲ್ಲ, ಕಾನೂನಿನ ಮನುಷ್ಯರು. ಪೂರ್ತಿ ಕೇಳಿದರು, ಗಲ್ಲ ಕೆರೆದುಕೊಂಡರು.

"ಸ್ಥಳಾಂತರ ಅಂತಾದ್ರ ನಡುವ ಸಾಲಿ ನಿಂತಿರಬಾರದು. ಹಳೇದು ಬಂದ್ ಆಗಿ ಹೊಸಾದು ಶುರು ಆಗಿದ್ರ ಅದು ಸ್ಥಳಾಂತರ ಅಲ್ಲ, ಬ್ಯಾರೆ ಸಾಲಿ. ನಡುವ ನಿಂತಿಲ್ಲ ಅಂತ ಸಭಾದಾಗ ಊರವ್ರು ಹೇಳಬೇಕು. ಶುಕ್ರವಾರ ಸಂಜೀತನಕ ಯಾದಿ ನನ್ನ ಮೇಜಿನ ಮ್ಯಾಲೆ ಇಟಗೊಂಡಿರ್ತೀನಿ. ಆಮ್ಯಾಲೆ ನನ್ನ ಕೈಯಾಗ ಇಲ್ಲ."

*

ಶುಕ್ರವಾರ ಮುಂಜಾನೆ ಶಾಲೆಯ ದೊಡ್ಡ ಕೋಣೆಯಲ್ಲಿ ಗ್ರಾಮಸಭೆಗೆ ಜನ ಕಿಕ್ಕಿರಿದಿದ್ದರು. ಮಕ್ಕಳನ್ನು ಹೊರಗೆ ಕಳಿಸಿದ್ದರೂ ಕಿಟಕಿಯ ಸರಳುಗಳ ತುಂಬ ಅವರ ಮುಖಗಳೇ. ಅಂಬಾಬಾಯಿ ಅಕ್ಕೋರು ಬಂದಿದ್ದರು, ಆದರೆ ಮುಖ ಗೋಡೆಯ ಕಡೆಗಿತ್ತು. ಅವರು ಹೆಬ್ಬೆಟ್ಟು ಒತ್ತದಿದ್ದರೆ ಅವರ ಹಿಂದೆ ಕೂತ ಆ ಸಾಲೂ ಒತ್ತುವುದಿಲ್ಲ ಎಂಬುದು ದಾಕ್ಷಾಯಿಣಿಗೆ ನೋಡಿದರೇ ತಿಳಿಯುತ್ತಿತ್ತು.

ಅವಳು ಟ್ಯಾಬನ್ನು ಮೇಜಿನ ಮೇಲಿಟ್ಟಳು.

"ಇವತ್ತು ನಾ ಹೆಸರು ಬದಲಿ ಮಾಡ್ರಿ ಅನ್ನಾಕ ಬಂದಿಲ್ಲ," ಎಂದಳು. "ಒಂದು ಸುದ್ದಿ ಹೇಳಾಕ ಬಂದೀನಿ. ನಮ್ಮ ಯಂತ್ರದ ಪ್ರಕಾರ ಹೊಳಿಮಲ್ಲಾಪುರದ ಸಾಲಿ ಮುಳುಗಿಲ್ಲ. ಅದು ಇನ್ನೂ ನಡದೈತಿ. ನೀವು ತರಿಸಿದ ಒಂದೊಂದು ಸಾಮಾನಿನ ಪಾಲೂ ಅದರ ಹೆಸರಿಗೆ ಹೋಗಿ ಕೂತೈತಿ."

ಅಕ್ಕೋರು ಗೋಡೆಯಿಂದ ಮುಖ ತಿರುಗಿಸಿದರು.

"ಇನ್ನೊಮ್ಮಿ ಅನ್ನವಾ."

"ನಿಮ್ಮ ಸಾಲಿ ಮುಳುಗಿಲ್ಲ ಅಕ್ಕೋರ. ಅದು ಎಲ್ಲೈತಿ ಅನ್ನೂದಷ್ಟ ಯಂತ್ರಕ್ಕ ಗೊತ್ತಿಲ್ಲ. ನೀವ ಹೇಳಬೇಕು. ನೀರು ಬಂದ ಮ್ಯಾಲೆ ಸಾಲಿ ಎಷ್ಟು ದಿನ ನಿಂತಿತ್ತು?"

"ನಿಂತಿತ್ತ?" ಅಕ್ಕೋರ ದನಿ ಏರಿತು. "ಯಾರವಾ ನಿಂತಿತ್ತು ಅಂದವ್ರು? ಕಡೀ ದಿನ ಹುಡುಗರನ್ನ ಸಾಲಾಗಿ ನಿಲ್ಲಿಸಿ, ಫಳಿ, ಗಂಟಿ, ಮಣೀ, ನಕಾಶಿ ಎಲ್ಲಾ ಅವರ ಕೈಯಾಗ ಕೊಟ್ಟು ನಾನ ನಡಸಿಕೊಂಡು ಬಂದೆ. ದಾರ‍್ಯಾಗ ಮಗ್ಗಿ ಹೇಳಿಸಿದೆ. ಅಳೂ ಹುಡುಗರಿಗೆ ಹನ್ನೆರಡರ ಮಗ್ಗಿ. ಮರುದಿವಸ ಈ ಗುಡ್ಡದ ಮ್ಯಾಲೆ ಬಿಸಿಲಾಗ ಕುಂದರಿಸಿ ಪಾಠಾ ಮಾಡೀನಿ. ಒಂದು ದಿವಸಾ ಸೂಟಿ ಕೊಟ್ಟಿಲ್ಲ. ಕೇಳು ಇವರನ್ನ!"

"ಖರೇ ಐತ್ರಿ," ಎಂದ ಹಿಂದಿನಿಂದ ಒಬ್ಬ ದಪ್ಪ ಮೀಸೆಯವ. "ಗಂಟಿ ನಾ ಹೊತ್ತಿದ್ದೆ."

"ಮಣೀ ನಾವು ನಾಕು ಮಂದಿ," ಎಂದಳು ಒಬ್ಬಾಕೆ, ಕಂಕುಳಲ್ಲಿ ಮಗು ಹೊತ್ತು.

ಲಮಾಣಿ ಸರ್ ಈ ಕಥೆಯನ್ನು ಮೊದಲ ಸಲ ಕೇಳುತ್ತಿದ್ದರು. ಇಷ್ಟು ದಿನ ತಾವೊಂದು ಸರಕಾರಿ ನಂಬರಿನ ಶಾಲೆ ನಡೆಸುತ್ತಿದ್ದೇವೆಂದು ತಿಳಿದಿದ್ದವರು, ತಮ್ಮ ಹಿಂದಿದ್ದ ಕಪ್ಪು ಹಲಗೆಯನ್ನು ತಿರುಗಿ ನೋಡಿದರು. "ಇದ ಏನ್ರಿ ಅಕ್ಕೋರ ಆ ಫಳಿ?" ಎಂದರು. ಅಕ್ಕೋರು ಹೌದೆಂದು ಗೋಣು ಹಾಕಿದರು.

ಮೊದಲ ಹೆಬ್ಬೆಟ್ಟು ಅಂಬಾಬಾಯಿ ಅಕ್ಕೋರದು. ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಒತ್ತಿದರು. ಬೀಗ ತೆರೆದುಕೊಂಡಿತು. ಪರದೆಯ ಮೇಲೆ ನೀಲಿ ನೀರು, ನೀರಿನೊಳಗೆ ಬೆಳಗುವ ಚುಕ್ಕಿ, ದಂಡೆಯಾಚೆ ಗುಡ್ಡ.

"ಒಯ್ಯೂದು ನೀವ, ಅಕ್ಕೋರ," ಎಂದಳು ದಾಕ್ಷಾಯಿಣಿ. "ಬೆರಳು ಎತ್ತಬ್ಯಾಡ್ರಿ. ಎತ್ತಿದ್ರ ಹೊಳ್ಳಿ ನೀರಿಗೇ ಹೋಗ್ತದ. ಇಲ್ಲಿಂದ ಇಲ್ಲಿಗೆ ಸೀದಾ ಒಂದ ಗೆರಿ ಎಳೀರಿ, ಎರಡು ಸೆಕೆಂಡಿನ ಕೆಲಸ."

ಅಕ್ಕೋರು ತೋರುಬೆರಳನ್ನು ಚುಕ್ಕಿಯ ಮೇಲಿಟ್ಟರು. ಆದರೆ ಸೀದಾ ಎಳೆಯಲಿಲ್ಲ. ಬೆರಳು ನೀರಿನೊಳಗೇ ಬಲಕ್ಕೆ ಹೊರಳಿತು.

"ಅಕ್ಕೋರ, ಗುಡ್ಡ ಈ ಕಡೆ…"

"ಗೊತ್ತೈತಿ. ಸಾಲಿ ನೀರ ಮ್ಯಾಲೆ ಹಾರಿ ಬಂದಿಲ್ಲವಾ. ಹಾದಿ ಹಿಡದು ಬಂದೈತಿ." ಬೆರಳು ಸರಿಯಿತು. "ಇದು ಅಗಸಿ ಓಣಿ."

"ಇಲ್ಲಿ ಬಾವಿ ಬಂತ್ರಿ," ಎಂದ ದಪ್ಪ ಮೀಸೆಯವ, ಮೇಜಿನ ಮೇಲೆ ಬಗ್ಗಿ.

"ಬಾವಿ ದಾಟಿ ಅಗಸಿ ಬಾಗಲಾ."

"ಅಗಸಿ ಹೊರಗ ದವಲಸಾಬನ ಗಿರಣಿ."

"ಗಿರಣಿ ಅಲ್ಲಲೇ, ಮೊದಲ ಬೇವಿನ ಗಿಡ!"

ಪರದೆಯಲ್ಲಿ ಬರೀ ನೀಲಿ ಬಣ್ಣವಿತ್ತು. ಅದರೊಳಗೆ ಇಡೀ ಸಭೆಗೆ ಓಣಿಗಳೂ ಗಿಡಗಳೂ ಕಾಣುತ್ತಿದ್ದವು. ಹೊಸ ಊರಿನಲ್ಲೇ ಹುಟ್ಟಿದ ಮಕ್ಕಳು ಕಿಟಕಿ ಬಿಟ್ಟು ಬಾಗಿಲಿಗೆ ಬಂದರು, ಬಾಗಿಲಿನಿಂದ ಒಳಗೆ ನುಗ್ಗಿದರು. ಯಾರೂ ಗದರಲಿಲ್ಲ. ಸೀದಾ ಗೆರೆ ಎಳೆಯಿರಿ ಅಂದದ್ದಕ್ಕೆ ದಾಕ್ಷಾಯಿಣಿಗೆ ತನ್ನ ಮೇಲೆ ತನಗೇ ಬೇಸರ ಬಂತು.

ಹಳ್ಳದ ಹತ್ತಿರ ಬಂದಾಗ ಬೆರಳು ನಿಂತಿತು. ಆ ದಿನವೂ ಇಲ್ಲೇ ನಿಂತು ಎಲ್ಲರೂ ಊರ ಕಡೆ ತಿರುಗಿ ನೋಡಿದ್ದರಂತೆ. ಅಕ್ಕೋರ ಕಣ್ಣಲ್ಲಿ ನೀರು ತುಂಬಿ ಪರದೆ ಮಸುಕಾಯಿತು, ಒರೆಸಿಕೊಳ್ಳಲು ಕೈ ಸೆರಗಿನ ಕಡೆ ಹೊರಳಿತು. ಬೆರಳ ತುದಿ ಗಾಜಿನಿಂದ ಏಳುವ ಹಾಗಾಯಿತು.

ಲಮಾಣಿ ಸರ್ ಓಡಿಬಂದು ಅವರ ಮೊಣಕೈಗೆ ತಮ್ಮ ಅಂಗೈ ಆನಿಸಿದರು. "ಒತ್ತಿ ಹಿಡೀರಿ ಅಕ್ಕೋರ. ಹಳ್ಳ ದಾಟಿದ ಮ್ಯಾಲೆ ಎತ್ತಾಗ ಹೋಗಬೇಕು? ನನಗ ಗೊತ್ತಿಲ್ಲ, ಹೇಳ್ರಿ."

"ಎಡಕ್ಕಪಾ," ಎಂದರು ಅಕ್ಕೋರು. "ಎಡಕ್ಕ, ಏರು ಹತ್ತಿ."

ಎರಡು ಕೈಯೂ ಸೇರಿ ಏರು ಹತ್ತಿದವು. ನೀಲಿ ಮುಗಿದು ಕಂದು ಬಣ್ಣ ಬಂತು. ಬೆಳಗುವ ಚುಕ್ಕಿ ಕಪ್ಪು ಚುಕ್ಕಿಯ ಮೇಲೆ ಹೋಗಿ ಕೂತಿತು. ಕಪ್ಪು ಮಾಯವಾಯಿತು. ಅಕ್ಕೋರು ಆಮೇಲೂ ಸ್ವಲ್ಪ ಹೊತ್ತು ಬೆರಳು ಒತ್ತಿಯೇ ಹಿಡಿದಿದ್ದರು. ದಾಕ್ಷಾಯಿಣಿ ಮೆಲ್ಲನೆ "ಮುಟ್ಟಿತ್ರಿ" ಎಂದಮೇಲೆ ಎತ್ತಿದರು. ಚುಕ್ಕಿ ಅಲ್ಲೇ ಉಳಿಯಿತು. ಅದರ ಕೆಳಗೆ ಅಕ್ಷರಗಳು ಮೂಡಿದವು: ಸರಕಾರಿ ಪ್ರಾಥಮಿಕ ಶಾಲೆ, ಹೊಳಿಮಲ್ಲಾಪುರ.

ಜನ ಕೂಗಿದರು, ನಕ್ಕರು, ಕೆಲವರು ಅತ್ತರು. ದಾಕ್ಷಾಯಿಣಿ ಹೊರಗೆ ಬಂದು ದೇಸಾಯರಿಗೆ ಫೋನು ಹಚ್ಚಿದಳು. "ಕಂಡೆನವಾ, ಪರದೆ ಮುಂದನ ನಿಂತೀನಿ," ಎಂದರು ಅವರು. "ಆ ಹನ್ನೊಂದನೇ ನಂಬರ ಯಾದಿಯಾಗಿಂದ ಕಾಟು ಹಾಕೀನಿ."

ಅವಳು ಒಳಗೆ ತಿರುಗಿ ಬಂದಾಗ ಅಂಬಾಬಾಯಿ ಅಕ್ಕೋರು ತೋರುಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು, ಅದು ಒದ್ದೆಯಾಗಿದೆಯೇನೋ ಎಂಬಂತೆ. ಒರೆಸಿಕೊಂಡು ತಲೆ ಎತ್ತಿ ಮೇಲೆ ನೋಡಿದರು. ಸ್ಲ್ಯಾಬಿನ ತುಂಬ ಮಳೆನೀರು ಇಳಿದ ಹಳದಿ ಕಲೆಗಳಿದ್ದವು.

"ಲಮಾಣಿ," ಎಂದರು. "ಮೊದಲ ಈ ಮಾಳಗಿ ಸೋರೂದು ನಿಲ್ಲಸಪಾ. ನೀರಾಗ ಇದ್ದದ್ದು ಸಾಕು ನಮ್ಮ ಸಾಲಿ."